ಬಡ್ತಿ ಆದೇಶ ಬಂದ ಸಂಜೆ

ದ್ವಿತೀಯ ದರ್ಜೆ ಸಹಾಯಕನಾಗಿ 11 ವರ್ಷ ಕಳೆದ ಮೇಲೆ ನಿನ್ನೆ ಸಂಜೆ ಪ್ರಥಮ ದರ್ಜೆಗೆ ಬಡ್ತಿಯ ಆದೇಶ ಕೈಸೇರಿತು. ಕಡತಗಳನ್ನು ಬಾಕಿ ಉಳಿಸದೆ, ಟಿಪ್ಪಣಿ ಹಾಳೆಯನ್ನು ಅಚ್ಚುಕಟ್ಟಾಗಿ ಬರೆದರೆ ಬಡ್ತಿ ತಾನಾಗಿ ಬರುತ್ತದೆಂದು ನಂಬಿದ್ದ ನಾನು, ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಿಗೆ ವರ್ಷಗಟ್ಟಲೆ ಅರ್ಜಿಯನ್ನೇ ಹಾಕಿರಲಿಲ್ಲ. ಜ್ಯೇಷ್ಠತಾ ಪಟ್ಟಿಯಲ್ಲಿ ನನಗಿಂತ ಕೆಳಗಿದ್ದವರು ಪರೀಕ್ಷೆ ಪಾಸಾಗಿ ಮುಂದೆ ಹೋದಾಗ ಮೇಲಧಿಕಾರಿಗಳ ಮೇಲೆ ಸಿಟ್ಟಾದೆನೇ ಹೊರತು (ಈಗ ನೆನೆದರೆ ನಾಚಿಕೆಯಾಗುತ್ತದೆ) ನಿಯಮಗಳನ್ನು ತೆರೆದು ನೋಡಲಿಲ್ಲ. ನಿವೃತ್ತಿಯ ಅಂಚಿನಲ್ಲಿದ್ದ ನಮ್ಮ ಸೂಪರಿಂಟೆಂಡೆಂಟ್ ಮೇಡಂ ಒಂದು ದಿನ, ರಜೆ ಮತ್ತು ಪಿಂಚಣಿ ನಿಯಮಗಳ ಪುಟಗಳಿಗೆ ಟ್ಯಾಗಿನ ದಾರ ಸಿಕ್ಕಿಸಿದ್ದ ತಮ್ಮ ಕೆ.ಸಿ.ಎಸ್.ಆರ್. (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಕೆಲಸ ಚೆನ್ನಾಗಿ ಮಾಡ್ತೀರಿ, ಪರೀಕ್ಷೆ ಯಾವಾಗ ಬರೀತೀರಿ?" ಎಂದಷ್ಟೇ ಕೇಳಿದರು. ಆ ಇಲಾಖಾ ಪರೀಕ್ಷೆಗಳಲ್ಲೊಂದಾದ ಅಕೌಂಟ್ಸ್ ಹೈಯರ್ ಎರಡನೇ ಸಲಕ್ಕೆ ಪಾಸಾಯಿತು. ಆ ಪುಸ್ತಕವನ್ನು ನಾನಿನ್ನೂ ಅವರಿಗೆ ಹಿಂದಿರುಗಿಸಿಲ್ಲ.