ಬಿಟ್ಟ ಊರು

ಶನಿವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. ‘ಹಂಗಾರೆ ನಂಗೂ ಕಲ್ಸು.’

ಅಂಕೋಲಾ ಸ್ಟೇಷನ್. ಕಾರವಾರದ ಕಡೆ ಹೋಗುವ ಪ್ಯಾಸೆಂಜರ್ ಲೇಟು. ಬೆಂಚಿನ ಮೇಲೆ ಒಬ್ಬ ಹುಡುಗ ಗಿಟಾರ್ ಹಿಡಿದು ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದ. ಗೋಕರ್ಣದ ಬೀಚಲ್ಲಿ ಗಿಟಾರ್ ಹಿಡಿದವರನ್ನು ಬೇಕಾದಷ್ಟು ನೋಡಿದ್ದೇನೆ, ಹಾಗಾಗಿ ಮೊದಲು ಕಿವಿ ಕೊಡಲಿಲ್ಲ. ಆದರೆ ಇವನು ಯಾರು ನೋಡ್ತಿದ್ದಾರೆ ಅಂತ ಒಮ್ಮೆಯೂ ತಲೆ ಎತ್ತಲಿಲ್ಲ. ಆಮೇಲೆ ಮಾತಾಡಿದಾಗ ತಿಳಿಯಿತು, ಅಪ್ಪನ ವರ್ಗಾವಣೆಯಿಂದ ಏಳು ಶಾಲೆ ಕಂಡವನು. ಈಗಲೂ ಊರೂರು ತಿರುಗುತ್ತಾನೆ. ತಾನೇ ಬರೆದು, ರಾಗ ಕೂರಿಸಿ, ಫೋನಿನಲ್ಲೇ ರೆಕಾರ್ಡ್ ಮಾಡುತ್ತಾನೆ. ಬೆನ್ನಿಗೆ ಯಾವ ಕಂಪನಿಯೂ ಇಲ್ಲ.

ಪಕ್ಕದಲ್ಲಿ ಒಬ್ಬ ಹಾಲಕ್ಕಿ ಸಮುದಾಯದ ಅಜ್ಜಿ. ಕೊರಳ ತುಂಬ ಮಣಿಸರ, ಮಡಿಲಲ್ಲಿ ತರಕಾರಿ ಮಾರಿ ಖಾಲಿಯಾದ ಬುಟ್ಟಿ.

‘ಯಾರು ಕಲ್ಸಿದ ಪದ ಇದು?’

‘ಯಾರೂ ಕಲಿಸಿಲ್ಲ ಅಜ್ಜಿ. ನಾನೇ ಕಟ್ಟಿದ್ದು.’

‘ಹಂಗಾರೆ ನಂಗೂ ಕಲ್ಸು.’

ಚೆನ್ನಾಗಿದೆ ಅನ್ನಲಿಲ್ಲ. ಕಲ್ಸು ಅಂದರು. ಹಾಡಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇದೆಯಾ? ಇದೇ ಅಂಕೋಲಾದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರ ಹಾಡುಗಳೂ ಪುಸ್ತಕದಿಂದ ಬಂದವಲ್ಲ, ಬಾಯಿಂದ ಬಾಯಿಗೆ ಬಂದವು. 2025ರ ಫೆಬ್ರವರಿಯಲ್ಲಿ ಅವರು ಹೋದಾಗ, ಇನ್ನು ಮುಗೀತು ಅಂದುಕೊಂಡಿದ್ದೆ.

ಹುಡುಗ ಸಾಲು ಹೇಳಿಕೊಟ್ಟ. ‘ಕಂಡ ಊರೆಲ್ಲಾ ನನ್ನೂರು.’ ಅಜ್ಜಿ ಬುಟ್ಟಿಯ ತಳಕ್ಕೆ ಬೆರಳಲ್ಲಿ ತಟ್ಟುತ್ತಾ, ಕೊನೆಯ ಅಕ್ಷರವನ್ನು ಎಳೆದೆಳೆದು ಹೇಳಿದರು. ರಾಗ ಆಗಲೇ ಬೇರೆ ಆಗಿತ್ತು. ಮೂರನೇ ಸಲ ಮಾತೂ ಬದಲಾಯಿತು. ‘ಬಿಟ್ಟ ಊರೆಲ್ಲಾ ನನ್ನೂರು.’

ತಪ್ಪಾಯ್ತು ಅನ್ನಲು ನಾನು ಬಾಯಿ ತೆರೆದೆ. ಹುಡುಗ ಬೇಡ ಅಂತ ಕೈ ಸನ್ನೆ ಮಾಡಿದ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಊರು ಬಿಟ್ಟವರೇ ಜಾಸ್ತಿ ಅಲ್ವಾ. ಸೂಪಾ ಅಣೆಕಟ್ಟಿಗೆ ಬಿಟ್ಟವರು, ಕೈಗಾ ಅಣುಸ್ಥಾವರಕ್ಕೆ ಬಿಟ್ಟವರು, ಸೀಬರ್ಡ್ ನೌಕಾನೆಲೆಗೆ ಬಿಟ್ಟವರು. ಅಜ್ಜಿ ಯಾವ ಊರು ಬಿಟ್ಟು ಬಂದವರೋ, ಮದುವೆಯಾಗಿ ತವರು ಬಿಟ್ಟದ್ದೇ ಇರಬಹುದು. ನಾನು ಕೇಳಲಿಲ್ಲ. ಊರು ಕಾಣುವುದಕ್ಕೆ ಟಿಕೆಟ್ ಸಾಕು. ಬಿಡಬೇಕಾದರೆ ಅಲ್ಲಿ ಬಾವಿ, ಹಿತ್ತಲು, ಜಗಳವಾಡಿದ ನೆರೆಮನೆ ಇರಬೇಕು. ಏಳು ಊರು ಬಿಟ್ಟ ಹುಡುಗನಿಗೆ ತನ್ನ ಹಾಡಿನಲ್ಲಿ ಇಲ್ಲದ್ದು ಏನು ಅಂತ ಆ ಅಜ್ಜಿಯಿಂದಲೇ ಗೊತ್ತಾಗಿರಬೇಕು.

ಗಾಡಿ ಬಂತು. ಹುಡುಗ ಅಜ್ಜಿಯ ಬುಟ್ಟಿ ಹತ್ತಿಸಿಕೊಟ್ಟ. ಹಾರವಾಡದಲ್ಲಿ ಅವರು ಇಳಿದರು. ಕಾರವಾರ ಬರುವವರೆಗೂ ಅವನು ಗಿಟಾರ್ ಮುಟ್ಟಲಿಲ್ಲ. ಕಿಟಕಿಯ ಸರಳಿಗೆ ಬೆರಳಲ್ಲಿ ತಟ್ಟುತ್ತಾ ಅಜ್ಜಿಯ ರಾಗದಲ್ಲೇ ಗುನುಗುತ್ತಿದ್ದ. ‘ಬಿಟ್ಟ ಊರೆಲ್ಲಾ...’