ಪ್ರಾಣೇಶಾಚಾರ್ಯರು ಐಎಸ್‌ಎಫ್‌ಜೆ ಅಲ್ಲ

ನಮ್ಮಕ್ಕನ ಪ್ರಕಾರ ಅನಂತಮೂರ್ತಿಯವರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಐಎಸ್‌ಎಫ್‌ಜೆ, ಅಂದರೆ ಮನುಷ್ಯರ ಸ್ವಭಾವವನ್ನು ಹದಿನಾರು ಟೈಪುಗಳಾಗಿ ವಿಂಗಡಿಸುವ ಪದ್ಧತಿಯಲ್ಲಿ ಒಂದು ಟೈಪ್. ಅದರಲ್ಲಿ ಚರ್ಚೆಗೆ ಜಾಗವೇ ಇಲ್ಲವಂತೆ. ದಿನವೂ ರೋಗಿ ಹೆಂಡತಿಯ ಸ್ನಾನ, ಊಟ ನೋಡಿಕೊಂಡು, ಪೂಜೆ ಮುಗಿಸಿ, ಅಗ್ರಹಾರದವರಿಗೆ ಪುರಾಣ ಹೇಳುವ ಮನುಷ್ಯ. ಅಗ್ರಹಾರದಲ್ಲಿ ಆಚಾರ ಬಿಟ್ಟು ಬದುಕುವವನು ನಾರಣಪ್ಪ; ಅವನ ತಾಯಿಗೆ ಸಾಯುವಾಗ ಕೊಟ್ಟ ಮಾತಿಗಾಗಿ ಅವನಿಗೆ ಬಹಿಷ್ಕಾರ ಬೀಳದಂತೆ ತಡೆದುಕೊಂಡು ಬಂದವರು. “ಶಾಸ್ತ್ರ, ವಾಡಿಕೆ, ಕೊಟ್ಟ ಮಾತು. ಇಷ್ಟೆಲ್ಲ ಇದ್ದ ಮೇಲೆ ಎಸ್‌ಐ ಅಲ್ಲದೆ ಇನ್ನೇನೋ?” ಅನ್ನುವುದು ಅವಳ ವಾದ. ಎಸ್‌ಐ ಅಂದರೆ ಅಂತರ್ಮುಖಿ ಇಂದ್ರಿಯ ಗ್ರಹಿಕೆ, ಕಂಡದ್ದನ್ನು ವಿವರವಾಗಿ ಒಳಗೆ ಕೂಡಿಟ್ಟುಕೊಳ್ಳುವ ಗುಣ.

ಆಚಾರ್ಯರ ಮನಸ್ಸಿನ ಎರಡನೆಯ ಫಂಕ್ಷನ್ ಎಫ್‌ಇ, ಅಂದರೆ ಬಹಿರ್ಮುಖಿ ಭಾವ, ಅನ್ನುವುದನ್ನು ನಾನೂ ಒಪ್ಪುತ್ತೇನೆ. ಜಗಳ ಇರುವುದು ಮೊದಲನೆಯದರಲ್ಲಿ. ನನ್ನ ಲೆಕ್ಕದಲ್ಲಿ ಆಚಾರ್ಯರು ಐಎನ್‌ಎಫ್‌ಜೆ. ತಲೆಯಲ್ಲಿ ಪಟ್ಟ ಕಟ್ಟಿಕೊಂಡು ಕೂತಿರುವುದು ಅಂತರ್ಮುಖಿ ಇಂಟ್ಯೂಷನ್, ಅಂದರೆ ಎನ್‌ಐ. (ಪುಸ್ತಕ ಓದಿಲ್ಲದವರು ಇಲ್ಲಿಗೇ ನಿಲ್ಲಿಸಿ. 1965ರ ಕಾದಂಬರಿಗೆ ಸ್ಪಾಯ್ಲರ್ ಎಚ್ಚರಿಕೆ ಕೊಡುವುದು ತಮಾಷೆಯೇ, ಆದರೂ.)

ಹೊಸಬರಿಗೆ ಎರಡು ಮಾತು. ಯೂಂಗ್ 1921ರಲ್ಲಿ ಮನಸ್ಸು ಮಾಡುವ ಕೆಲಸವನ್ನು ನಾಲ್ಕಾಗಿ ವಿಂಗಡಿಸಿದ: ಯೋಚನೆ, ಭಾವ, ಇಂದ್ರಿಯ ಗ್ರಹಿಕೆ, ಇಂಟ್ಯೂಷನ್. ಒಂದೊಂದೂ ಒಳಕ್ಕೆ ತಿರುಗಬಹುದು, ಹೊರಕ್ಕೂ ತಿರುಗಬಹುದು, ಒಟ್ಟು ಎಂಟು. ಅದನ್ನು ಹದಿನಾರು ಟೈಪುಗಳಾಗಿ ಬೆಳೆಸಿದವರು ಕ್ಯಾಥರಿನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್. ಮಗಳು ಅದಕ್ಕೂ ಮುಂಚೆ ಪತ್ತೇದಾರಿ ಕಾದಂಬರಿ ಬರೆದಾಕೆ, ಅದು ನನಗೆ ಬಹಳ ಇಷ್ಟದ ಸಂಗತಿ. ಪ್ರತಿ ಟೈಪಿಗೂ ನಾಲ್ಕು ಫಂಕ್ಷನ್‌ಗಳ ಸಾಲಿದೆ. ಮೊದಲನೆಯದು ಯಜಮಾನ, ಕೊನೆಯದು ಬೆಳೆಯದೆ ಉಳಿದ ಇನ್‌ಫೀರಿಯರ್. ಮನೋವಿಜ್ಞಾನಿಗಳಲ್ಲಿ ಬಹಳ ಜನ ಇದನ್ನು ನಂಬುವುದಿಲ್ಲ. ಅದೇ ಮನುಷ್ಯ ಎರಡು ಸಲ ಪರೀಕ್ಷೆ ತೆಗೆದುಕೊಂಡರೆ ಎರಡು ಟೈಪ್ ಬರುವುದೂ ಉಂಟು. ಇದನ್ನು ಹಿಡಿದು ಜನರಿಗೆ ಕೆಲಸ ಕೊಡುವವರನ್ನು ಕಂಡರೆ ನನಗೂ ಸಿಟ್ಟೇ. ಕಾದಂಬರಿಯ ಪಾತ್ರಕ್ಕೆ ಸಂಬಳ ಹೋಗುವ ಭಯವಿಲ್ಲವಲ್ಲ.

ಈಗ ಮದುವೆಯ ವಿಷಯ. ಭಾಗೀರಥಿ ರೋಗಿ ಎಂದು ಗೊತ್ತಿದ್ದೇ ಆಚಾರ್ಯರು ಅವಳನ್ನು ಕಟ್ಟಿಕೊಂಡರು. ಕಾಮವಿಲ್ಲದ ಗೃಹಸ್ಥಾಶ್ರಮವೇ ತನ್ನ ತಪಸ್ಸು, ಅದರಿಂದಲೇ ತಾನು ಮೋಕ್ಷಕ್ಕೆ ಹದವಾಗುತ್ತೇನೆ ಎಂಬ ಲೆಕ್ಕ. ಎಸ್‌ಐ ಯಜಮಾನನಾಗಿದ್ದರೆ ಇಷ್ಟು ವರ್ಷಗಳ ಸೇವೆ ಮನಸ್ಸಿನಲ್ಲಿ ವಿವರ ವಿವರವಾಗಿ ಸಂಗ್ರಹವಾಗಿರಬೇಕಿತ್ತು: ಅವಳಿಗೆ ಯಾವುದು ಸೇರುತ್ತದೆ, ಯಾವ ಕಾಲದಲ್ಲಿ ನೋವು ಜಾಸ್ತಿ, ಹೋದ ವರ್ಷಕ್ಕಿಂತ ಈಗ ಹೇಗಿದ್ದಾಳೆ. ಆಚಾರ್ಯರ ಮನಸ್ಸು ಅಲ್ಲೆಲ್ಲ ನಿಲ್ಲುವುದೇ ಇಲ್ಲ. ಹೆಂಡತಿಯ ಮೈ ಅವರಿಗೆ ದೂರದ ಒಂದು ಬಿಂದುವಿನ ಕಡೆ ಹೋಗುವ ದಾರಿ. ಎಲ್ಲವನ್ನೂ ಒಂದೇ ಅರ್ಥಕ್ಕೆ ಜೋಡಿಸಿ, ಕಣ್ಣೆದುರಿನದನ್ನು ಮರೆಯುವ ಈ ಗುಣವೇ ಎನ್‌ಐ. ಇದರಲ್ಲಿ ಒಂದು ಬಗೆಯ ಕ್ರೌರ್ಯವೂ ಇದೆ ಅನ್ನಿಸುತ್ತದೆ ನನಗೆ. ಸೇವೆ ಮಾಡಿಸಿಕೊಂಡವಳಿಗೆ ಅದು ಸೇವೆಯಾಗಿತ್ತೋ, ಇನ್ನೊಬ್ಬರ ಸಾಧನೆಯ ಸಲಕರಣೆಯಾಗಿ ಬದುಕಿದಂತಾಗಿತ್ತೋ?

ಇನ್ನೊಂದು ಸುಳಿವು ಕಾಳಿದಾಸನ ಶಾಕುಂತಲೆಯದು. ಆಚಾರ್ಯರು ಅವಳ ಸೌಂದರ್ಯವನ್ನು ವರ್ಣಿಸುತ್ತಾರೆ. ಕೇಳಿಸಿಕೊಂಡ ಅಗ್ರಹಾರದ ಯುವಕ ಶ್ರೀಪತಿಯ ಮೈ ಬಿಸಿಯಾಗಿ ಅವನು ಎದ್ದು ಹೊಳೆಯ ಕಡೆಗೆ ಹೋಗುತ್ತಾನೆ, ಅಲ್ಲಿ ಬೆಳ್ಳಿ ಎಂಬ ಹುಡುಗಿ ಕಾಣುತ್ತಾಳೆ. ವರ್ಣಿಸಿದವರಿಗೆ ಮಾತ್ರ ಏನೂ ಆಗುವುದಿಲ್ಲ! ಬಹಿರ್ಮುಖಿ ಗ್ರಹಿಕೆ, ಎಸ್‌ಇ, ಎಷ್ಟು ಆಳದಲ್ಲಿ ಹೂತು ಹೋಗಿರಬೇಕು ನೋಡಿ. ಎನ್‌ಐ ಮೇಲಿದ್ದರೆ ಸಾಲಿನ ತಳದಲ್ಲಿ ಇರಬೇಕಾದದ್ದೂ ಇದೇ ಫಂಕ್ಷನ್.

ಅಕ್ಕನ ಕೈಯಲ್ಲಿರುವ ಬಲವಾದ ಅಸ್ತ್ರ ಅಂದರೆ ತಾಳೆಗರಿ. ನಾರಣಪ್ಪ ಸತ್ತ ಮೇಲೆ ಶವಸಂಸ್ಕಾರ ಯಾರು ಮಾಡಬೇಕು ಎಂದು ಆಚಾರ್ಯರು ಗ್ರಂಥಗಳನ್ನು ಜಾಲಾಡುತ್ತಾರಲ್ಲ, ಹಿಂದಿನದನ್ನು ಹುಡುಕುವುದು ಎಸ್‌ಐ ಕೆಲಸವೇ ಅಲ್ಲವೇ ಎನ್ನುತ್ತಾಳೆ. ಸರಿ, ಒಪ್ಪೋಣ. ಆದರೆ ಗ್ರಂಥದಲ್ಲಿ ಉತ್ತರ ಸಿಗದೇ ಹೋದಾಗ ಯಾರು ಎಲ್ಲಿಗೆ ಹೋದರು? ಮಿಕ್ಕ ಬ್ರಾಹ್ಮಣರು ಕೈಮರ ಎಂಬ ಊರಿನ ದಾರಿ ಹಿಡಿದರು, ಆಮೇಲೆ ಮಠಕ್ಕೆ, ಗುರುಗಳನ್ನು ಕೇಳಲು. ಆಚಾರ್ಯರು ಒಬ್ಬರೇ ಮಾರುತಿಯ ಗುಡಿಗೆ ಹೋಗಿ, ದೇವರು ಎಡದ ಹೂ ಕೊಡುತ್ತಾನೋ ಬಲದ ಹೂ ಕೊಡುತ್ತಾನೋ ಎಂದು ಸಂಜೆಯವರೆಗೆ ಕಾದರು. ಊಟವಿಲ್ಲದೆ, ಊರಲ್ಲಿ ಹೆಣ ಕೊಳೆಯುತ್ತಿರುವಾಗ, ಒಂದೇ ಒಂದು ಸಂಕೇತಕ್ಕಾಗಿ.

ಆ ರಾತ್ರಿ ಕಾಡಿನಲ್ಲಿ ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿ ಸಿಗುತ್ತಾಳೆ, ಇಬ್ಬರೂ ಕೂಡುತ್ತಾರೆ. ಟೈಪ್ ಭಾಷೆಯಲ್ಲಿ ಇದಕ್ಕೆ ಗ್ರಿಪ್ ಎನ್ನುತ್ತಾರೆ: ಯಜಮಾನ ದಣಿದು ಬಿದ್ದಾಗ ಇನ್‌ಫೀರಿಯರ್ ಬಂದು ಮನುಷ್ಯನನ್ನು ಹಿಡಿದುಕೊಳ್ಳುತ್ತದೆ. ಹಸಿವು, ದಣಿವು, ಸೋಲು ಮೂರೂ ಸೇರಿದ ಗಳಿಗೆ ಅದು. ನನಗೆ ಮುಖ್ಯ ಅನ್ನಿಸುವುದು ಸಂಗಕ್ಕಿಂತ ಅದರ ನಂತರದ ಪುಟಗಳು. ಆಚಾರ್ಯರಿಗೆ ಹುಲ್ಲು, ನೆಲ, ವಾಸನೆ ಎಲ್ಲ ಹೊಸದಾಗಿ ತಾಗುತ್ತವೆ. ಮನೆಗೆ ಬಂದು ನೋಡಿದರೆ ಹೆಂಡತಿಯ ಬತ್ತಿದ ಮೈ ಮೊದಲ ಸಲ ಕಾಣುತ್ತದೆ, ಹೇಸಿಗೆಯೂ ಆಗುತ್ತದೆ. ದಿನಾ ತಾವೇ ಸ್ನಾನ ಮಾಡಿಸುತ್ತಿದ್ದ ಮೈ! ಐಎಸ್‌ಎಫ್‌ಜೆ ಗ್ರಿಪ್‌ನಲ್ಲಿ ಸಿಕ್ಕಿದ್ದರೆ ಹಿಡಿದುಕೊಳ್ಳುವುದು ಎನ್‌ಇ, ಅಂದರೆ ಬಹಿರ್ಮುಖಿ ಇಂಟ್ಯೂಷನ್, ಆಗ ಬರುವುದು ಹಾಗಾದರೆ ಹೀಗಾದರೆ ಎಂಬ ಭಯಗಳ ಜಾತ್ರೆ. ಆಚಾರ್ಯರಿಗೂ ಭಯ ಬರುತ್ತದೆ, ಆದರೆ ಮೊದಲು ತೆರೆಯುವುದು ಕಣ್ಣು, ಮೂಗು, ಚರ್ಮ.

ಮೂರನೆಯ ಭಾಗದಲ್ಲಿ ಅವರು ಗುರಿಯಿಲ್ಲದೆ ನಡೆಯುತ್ತಾರೆ. ಆ ಕ್ಷಣದಲ್ಲಿ ನಿರ್ಧರಿಸಿದ್ದು ನಾನೋ, ನನ್ನ ಮೈಯೋ, ಅದಾಗಿಯೇ ಆಯಿತೋ ಎಂದು ಕೊರೆಯುತ್ತಲೇ ಇರುವ ಆ ಪುಟಗಳು ಪಕ್ಕಾ ಎನ್‌ಐ–ಟಿಐ ಲೂಪ್: ಇಂಟ್ಯೂಷನ್ ಮತ್ತು ಅಂತರ್ಮುಖಿ ಯೋಚನೆ ಎರಡೇ ಒಳಗೊಳಗೆ ಸುತ್ತುವುದು. ಎಫ್‌ಇ ಅವಮಾನದ ಭಯವಾಗಿ ಮಾತ್ರ ಉಳಿದಿದೆ. ಈ ಲೂಪಿನ ಪಕ್ಕಕ್ಕೇ ದಾರಿಯಲ್ಲಿ ಸಿಕ್ಕ ಪುಟ್ಟ ಎಂಬವನು ಅಂಟಿಕೊಳ್ಳುತ್ತಾನೆ. ಒಗಟು ಹೇಳುತ್ತಾನೆ, ಮೇಳಿಗೆಯ ತೇರಿಗೆ ಎಳೆದೊಯ್ಯುತ್ತಾನೆ, ಕೋಳಿ ಅಂಕ ತೋರಿಸುತ್ತಾನೆ, ಎಷ್ಟು ಓಡಿಸಿದರೂ ಹೋಗುವುದಿಲ್ಲ. ಪುಟ್ಟ ಇಎಸ್‌ಟಿಪಿ ಎಂದು ನಾನು ಆಣೆ ಇಟ್ಟು ಹೇಳುತ್ತೇನೆ. ಎಸ್‌ಇ, ಟಿಐ, ಎಫ್‌ಇ, ಎನ್‌ಐ: ಆಚಾರ್ಯರ ಸಾಲನ್ನೇ ತಲೆಕೆಳಗು ಮಾಡಿದ ಹಾಗೆ. ಆಚಾರ್ಯರು ಒಳಗೆ ಅಡಗಿಸಿಟ್ಟದ್ದೇ ಕೈಕಾಲು ಮೂಡಿಸಿಕೊಂಡು ಪಕ್ಕದಲ್ಲಿ ವಟಗುಟ್ಟುತ್ತ ನಡೆಯುತ್ತಿದೆ. ಅನಂತಮೂರ್ತಿಯವರು ಯಾವ ಟೈಪನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೇ ಬರೆದಿರಬಹುದು, ಅದರಿಂದ ನನ್ನ ಖುಷಿಗೇನೂ ಕೊರತೆಯಿಲ್ಲ.

ನಾರಣಪ್ಪನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಡಿತ, ಮಾಂಸ ನೋಡಿ ಅವನನ್ನೂ ಎಸ್‌ಇ ಖಾತೆಗೆ ಹಾಕುವವರಿದ್ದಾರೆ. ಸಾಲಿಗ್ರಾಮವನ್ನು ಹೊಳೆಗೆ ಎಸೆದು, ಕೊನೆಗೆ ಗೆಲ್ಲುವುದು ನೀವೋ ನಾನೋ ನೋಡೋಣ ಎಂದು ಆಚಾರ್ಯರಿಗೇ ಸವಾಲು ಹಾಕುವವನಿಗೆ ಸುಖಕ್ಕಿಂತ ವಾದದ ಚಟ ಜಾಸ್ತಿ. ಇಎನ್‌ಟಿಪಿ.

ಚಂದ್ರಿಯನ್ನು ಟೈಪ್ ಮಾಡುವುದನ್ನು ಮಾತ್ರ ನಾವಿಬ್ಬರೂ ಬಹಳ ದಿನ ಮರೆತೇಬಿಟ್ಟಿದ್ದೆವು. ಸಂಸ್ಕಾರಕ್ಕೆಂದು ಮೈಮೇಲಿನ ಚಿನ್ನ ಬಿಚ್ಚಿಟ್ಟವಳು ಅವಳು. ಅದು ತಿರುಗಿ ಬ್ರಾಹ್ಮಣರ ಜಗಳಕ್ಕೆ ಕಾರಣವಾದಾಗ, ರಾತ್ರಿಯಲ್ಲಿ ಅಹ್ಮದ್ ಬ್ಯಾರಿಯ ಸಹಾಯ ಪಡೆದು ಹೆಣ ಸುಡಿಸಿ ಊರು ಬಿಟ್ಟು ಹೊರಟವಳೂ ಅವಳೇ. ಇಡೀ ಅಗ್ರಹಾರ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಯನ್ನು ಅವಳು ಪ್ರಶ್ನೆ ಎಂದೇ ತಿಳಿದಿರಲಿಲ್ಲ. ಎಫ್‌ಐ, ಅಂದರೆ ಅಂತರ್ಮುಖಿ ಭಾವ, ಮೊದಲು, ಎಸ್‌ಇ ಆಮೇಲೆ, ಹಾಗಾಗಿ ಐಎಸ್‌ಎಫ್‌ಪಿ ಅಂತ ನಾನು. ಅಕ್ಕ ಐಎಸ್‌ಟಿಪಿ ಎನ್ನುತ್ತಾಳೆ, ಕೆಲಸ ಮುಗಿಸಿದ ರೀತಿ ನೋಡು ಎನ್ನುತ್ತಾಳೆ. ಹಾಗಾದರೆ ಆ ಚಿನ್ನ ಯಾಕೆ ಬಿಚ್ಚಿಟ್ಟಳು ಎಂದು ಕೇಳಿದ್ದೇನೆ; ಪುಸ್ತಕ ಇನ್ನೊಮ್ಮೆ ಓದಿ ಹೇಳುತ್ತಾಳಂತೆ.