ಆಸಿಲೇಟೋರಿಯಾ ಎಳೆಗಳ ಓಡಾಟ: ಇಂಕ್ ಹಾಕಿ ನೋಡಿದ ಮೇಲೆ

ಕಳೆದ ಟಿಪ್ಪಣಿಯ ಹೊತ್ತಿಗೆ ಆಸಿಲೇಟೋರಿಯಾದ ಎಳೆಗಳು ಸೂಕ್ಷ್ಮದರ್ಶಕದಡಿ ಗಾಜಿನ ಮೇಲೆ ಸರಿಯುವುದನ್ನು ಕಂಡದ್ದಷ್ಟೇ ಆಗಿತ್ತು. ಈಗ ವೇಗದ ಅಳತೆ ಸಿಕ್ಕಿದೆ. ಅದಕ್ಕಿಂತ ಹೆಚ್ಚಾಗಿ, ಎಳೆಯ ಮೈಮೇಲೆ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಬಿದ್ದಿದೆ.

ಮಾದರಿ ಹಿಂದಿನದೇ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ, ಸದಾ ತೇವವಿರುವ ಕಡೆ, ಕಪ್ಪು ಹಸಿರಾಗಿ ಹಬ್ಬುವ ಲೋಳೆ ಪದರ. ಪಾಚಿ ಎಂದು ಕರೆಯುತ್ತೇವಾದರೂ ಇದು, ಅಂದರೆ ಆಸಿಲೇಟೋರಿಯಾ, ಬ್ಯಾಕ್ಟೀರಿಯಾ. ಬಿಲ್ಲೆಯಾಕಾರದ ಕೋಶಗಳು ಒಂದರ ಮೇಲೊಂದು ಕೂತು ಉದ್ದದ ಎಳೆಯಾಗಿರುತ್ತವೆ. ಈಜಲು ಚಾಟಿಯಂಥ ಕಶಾಂಗವಿಲ್ಲ, ಕಾಲಿನಂಥದ್ದೂ ಇಲ್ಲ. ಆದರೂ ಹೋಗುತ್ತದೆ, ನಿಲ್ಲುತ್ತದೆ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಬರಿಯ ಗಾಜಿಗಿಂತ ಅಗರ್ ಪದರದ ಮೇಲೆ ಎಳೆಗಳು ಚೆನ್ನಾಗಿ ಸಾಗುತ್ತವೆ. ದಿನಸಿ ಅಂಗಡಿಯ ಚೀನಾ ಗ್ರಾಸನ್ನು ಸಕ್ಕರೆಯಿಲ್ಲದೆ ಕುದಿಸಿ, ಸ್ಲೈಡ್ ಮೇಲೆ ತೆಳ್ಳಗೆ ಹರಡಿದರೆ ಸಾಕು. ಐಪೀಸಿಗೆ ಮೊಬೈಲ್ ಕಟ್ಟಿ ತೆಗೆದ ವಿಡಿಯೊದಲ್ಲಿ ಚುರುಕಾದ ಒಂದು ಎಳೆ ಅರ್ಧ ನಿಮಿಷಕ್ಕೆ ಸುಮಾರು 75 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರೋಮೀಟರ್) ಸರಿದಿದೆ. ಅಂದರೆ ಸೆಕೆಂಡಿಗೆ ಎರಡೂವರೆ. ಇದೇ ಕುಲದ ದಪ್ಪ ಜಾತಿಯಾದ ಆಸಿಲೇಟೋರಿಯಾ ಪ್ರಿನ್ಸೆಪ್ಸ್ ಸೆಕೆಂಡಿಗೆ 11 ಮೈಕ್ರೋಮೀಟರ್‌ವರೆಗೂ ಓಡುತ್ತದೆ.

ಇನ್ನು ಇಂಕಿನ ವಿಷಯ. ಚಿತ್ರಕಲೆಗೆ ಬಳಸುವ ಕಪ್ಪು ಇಂಡಿಯನ್ ಇಂಕಿನಲ್ಲಿ ಇಂಗಾಲದ ನುಣ್ಣನೆಯ ಕಣಗಳಿರುತ್ತವೆ. ಬಹಳಷ್ಟು ನೀರು ಬೆರೆಸಿ ಮಾದರಿಯ ಮೇಲೆ ಮುಚ್ಚುವ ತೆಳು ಗಾಜಾದ ಕವರ್ ಸ್ಲಿಪ್ಪಿನ ಅಂಚಿನಿಂದ ಒಂದು ತೊಟ್ಟು ಬಿಟ್ಟೆ. ಮೊದಲು ಕಂಡದ್ದು ಎಳೆ ಹಾದುಹೋದ ಜಾಗ: ಕಪ್ಪಿನ ನಡುವೆ ತಿಳಿಯಾದ ಗೆರೆ, ಅದು ಬಿಟ್ಟುಹೋದ ಲೋಳೆಯ ಕೊಳವೆ. ಅಷ್ಟರಲ್ಲಿ ಪಕ್ಕದ ಎಳೆಯೊಂದು ಕಸಕ್ಕೆ ಸಿಕ್ಕಿಕೊಂಡು ನಿಂತಿತು. ಎಳೆ ನಿಂತರೂ ಅದರ ಮೈಗಂಟಿದ ಕಣಗಳು ನಿಲ್ಲಲಿಲ್ಲ. ಸ್ಕ್ರೂವಿನ ಗೀರನ್ನು ಹಿಡಿದು ಹೋದಂತೆ ಓರೆಯಾಗಿ ಸುತ್ತುತ್ತ, ಒಂದು ತುದಿಯ ಕಡೆಗೆ ಸಾಲಾಗಿ ಸಾಗಿದವು. ಸರಿಯುವ ಎಳೆ ತನ್ನ ಅಕ್ಷದ ಸುತ್ತ ಏಕೆ ತಿರುಗುತ್ತದೆ ಎಂಬುದು ನನಗೆ ಮನದಟ್ಟಾದದ್ದು ಆಗ. ನೂಕುಬಲ ಹುಟ್ಟುವುದೇ ಸುರುಳಿಯ ದಾರಿಯಲ್ಲಿ. ನೆಲಕ್ಕೆ ಒತ್ತಿಕೊಂಡ ಲೋಳೆ ಅಲ್ಲೇ ಉಳಿಯುತ್ತದೆ, ಎಳೆ ತಿರುಗುತ್ತ ಮುಂದಕ್ಕೆ ಹೋಗುತ್ತದೆ.

ಆ ಬಲ ಎಲ್ಲಿಂದ ಬರುತ್ತದೆ ಎಂಬ ವಾದ ಹಳೆಯದು. ಕೋಶಭಿತ್ತಿಯಲ್ಲಿರುವ ಸುರುಳಿ ನಾರುಗಳು ಅಲೆ ಎಬ್ಬಿಸುತ್ತವೆ ಎಂದು ವಿಜ್ಞಾನಿಗಳಾದ ಹಾಲ್ಫೆನ್ ಮತ್ತು ಕ್ಯಾಸ್ಟನ್‌ಹೋಲ್ಜ್ 1970ರಲ್ಲಿ ಸೂಚಿಸಿದರು. ಕೋಶಗಳ ಸಂದಿಯ ರಂಧ್ರಗಳಿಂದ ಚಿಮ್ಮುವ ಲೋಳೆಯೇ ನೂಕುತ್ತದೆ ಎಂದು ಹೊಯ್ಚಿಕ್ ಮತ್ತು ಬೌಮೈಸ್ಟರ್ 1998ರಲ್ಲಿ ವಾದಿಸಿದರು. ಇದೇ ಗುಂಪಿನ ಇನ್ನೊಂದು ಬ್ಯಾಕ್ಟೀರಿಯಾ ನಾಸ್ಟಾಕ್‌ನ ಚಲಿಸುವ ಎಳೆಗಳಲ್ಲಿ ನಾಲ್ಕನೇ ಬಗೆಯ, ಕೂದಲಿನಂಥ ಚಾಚುಗಳಾದ ಪಿಲಸ್‌ಗಳು ಬೇಕೇ ಬೇಕು ಎಂಬುದು ಆಮೇಲೆ ತಿಳಿಯಿತು. ನಾನು ಕಂಡ ಅಚ್ಚುಕಟ್ಟಾದ ಸಾಲಿಗೆ ಬರಿಯ ಲೋಳೆಯ ಚಿಮ್ಮುವಿಕೆ ಸಾಲದು ಎಂದೇ ನನಗೆ ಅನ್ನಿಸುತ್ತದೆ. ದಾರಿ ತೋರುವ ರಚನೆಯೊಂದು ಮೈಮೇಲೆ ಇರಲೇಬೇಕು.

ಹೀಗೇ ಸರಿಯುವ ಇನ್ನೊಂದು ಬ್ಯಾಕ್ಟೀರಿಯಾ ಫ್ಲೇವೊಬ್ಯಾಕ್ಟೀರಿಯಂ ಜಾನ್ಸೋನಿಯೆಯಲ್ಲಿ ಅಂಥ ದಾರಿ ಇದೆ. ಅದರ ಹೊರಮೈಯಲ್ಲಿ ಎಸ್‌ಪಿಆರ್‌ಬಿ ಎಂಬ ಅಂಟು ಪ್ರೋಟೀನು ಸುರುಳಿ ಹಾದಿಯಲ್ಲಿ ಓಡುತ್ತದೆ. ಅದನ್ನು ಓಡಿಸುವುದು ತಿರುಗುವ ಮೋಟಾರು ಎಂದು ಶ್ರೀವಾಸ್ತವ, ಬರ್ಗ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಆದರೆ ಅದು ಬೇರೆಯೇ ವಂಶ. ಅಲ್ಲಿಯ ಉತ್ತರವನ್ನು ಇಲ್ಲಿಗೆ ಹೊಂದಿಸುವಂತಿಲ್ಲ.

ಬೆಳಕಿನ ಪರೀಕ್ಷೆಯೂ ಶುರುವಾಗಿದೆ. ತಟ್ಟೆಯ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ರಾತ್ರಿಯಿಡೀ ದೀಪದ ಕೆಳಗಿಟ್ಟಿದ್ದೆ. ಬೆಳಗ್ಗೆ ಹಸಿರೆಲ್ಲ ಬೆಳಕಿನ ಭಾಗದಲ್ಲಿ ಒತ್ತಾಗಿತ್ತು. ನೆರಳಿನ ಗಡಿಗೆ ಬಂದ ಎಳೆ ದಿಕ್ಕು ಬದಲಿಸುವ ಆ ಕ್ಷಣ ಇನ್ನೂ ವಿಡಿಯೊದಲ್ಲಿ ಸಿಕ್ಕಿಲ್ಲ. ಮುಂದಿನ ಕೆಲಸ ಅದೇ: ಸ್ಲೈಡಿನ ಕೆಳಗೆ ಬ್ಲೇಡಿನ ಅಂಚಿನಿಂದ ನೆರಳಿನ ಗೆರೆ ಮೂಡಿಸಿ, ತಿರುಗುವ ಹೊತ್ತಿನಲ್ಲಿ ಇಂಕಿನ ಕಣಗಳೂ ದಿಕ್ಕು ಬದಲಿಸುತ್ತವೆಯೇ ಎಂದು ನೋಡಬೇಕು.